ಆಯುಧಪೂಜೆಗೆ ಜೋಡಿ ಕೂರಿಸಿದ ಕಂಪ್ಯೂಟರುಗಳು

ಆ ವರ್ಷ ನಮ್ಮ ಗುಲಾಬಿ ತೋಟವನ್ನು ಕೊಂದದ್ದು ಫೋನಿನ ತಂತಿಯಲ್ಲಿ ಬಂದ ವೈರಸ್ ಅಲ್ಲ. ನಾವೇ ಕೊಂದೆವು, ಅದೂ ಭಕ್ತಿಯಿಂದ. ಎರಡು ಕಡೆ ಇರಬೇಕಾಗಿದ್ದ ಎರಡು ಕಂಪ್ಯೂಟರುಗಳನ್ನು ತಂದು ಒಂದೇ ಮೇಜಿನ ಮೇಲೆ ಕೂರಿಸಿ, ಕುಂಕುಮ ಇಟ್ಟು, ಕಾಯಿ ಒಡೆದು ಕೊಂದೆವು. ಇದನ್ನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಹೇಳಿದ್ದಕ್ಕೆ ನನ್ನ ಒಡಹುಟ್ಟಿದ ತಮ್ಮ ಸಾಯುವ ತನಕ ನನ್ನ ಹತ್ತಿರ ಮಾತಾಡಲಿಲ್ಲ.

ಅವನು ಸತ್ತದ್ದು ಹೋದ ತಿಂಗಳು. ಮುನಿರಾಜು ಅಂತ ಹೆಸರು, ನನ್ನ ಬೆನ್ನಿಗೆ ಬಿದ್ದವನು. ಬೇರಿಕೆ ಹತ್ತಿರದ ಅವನ ಮನೆಗೆ ನಾನು ಹೋಗುವ ಹೊತ್ತಿಗೆ ನಡುಮನೆಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಒಂದು ದೀಪ ಉರಿಯುತ್ತಿತ್ತು. ತೋಟದ ಕಡೆಯವರು ಯಾರೋ ಉದ್ದ ಕಡ್ಡಿಯ ಗುಲಾಬಿಯ ಒಂದು ಕಟ್ಟು ತಂದು ಕಾಲ ಹತ್ತಿರ ಇಟ್ಟಿದ್ದರು. ಎಲೆ ಕಿತ್ತಿರಲಿಲ್ಲ. ಎಲೆಗೆ ಹೊಡೆದ ಗಂಧಕದ ವಾಸನೆ ಇನ್ನೂ ಹೋಗಿರಲಿಲ್ಲ. ಸುತ್ತ ಕೂತ ಹೆಂಗಸರೆಲ್ಲ ನಾನು ಅಳುತ್ತೇನೆ ಅಂತ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಅಳು ಬರಲಿಲ್ಲ. ಆ ವಾಸನೆಗೆ ಆ ವರ್ಷ ಪೂರ್ತಿ ನನ್ನ ಮುಂದೆ ಎದ್ದು ಕೂತಿತು.

ಕೃಷ್ಣಗಿರಿ ಬೇರೆ ಜಿಲ್ಲೆಯಾಗಿ ಎರಡನೆಯದೋ ಮೂರನೆಯದೋ ವರ್ಷ ಅದು. ನಮ್ಮೂರ ಪಕ್ಕದ ಗುಲಾಬಿ ತೋಟದಲ್ಲಿ ನಾನು ಹೂವು ವಿಂಗಡಿಸುವ ಕೆಲಸದಲ್ಲಿದ್ದೆ. ತೋಟ ಅಂದರೆ ಬೇಲಿ ಹಾಕಿದ ಹೊಲ ಅಂದುಕೊಳ್ಳಬೇಡಿ. ಬಿಳಿ ಪ್ಲಾಸ್ಟಿಕ್ ಹೊದಿಸಿದ ದೊಡ್ಡ ದೊಡ್ಡ ಮನೆಗಳು, ಒಳಗೆ ಸಾಲು ಸಾಲು ಗಿಡ. ಬೆಳಿಗ್ಗೆ ಕೊಯ್ದ ಹೂವು ನಮ್ಮ ಶೆಡ್ಡಿಗೆ ಬರುತ್ತಿತ್ತು. ಕೆಳಗಿನ ಎಲೆ ಸವರಿ, ಮುಳ್ಳು ತೆಗೆದು, ಕಡ್ಡಿಯ ಉದ್ದ ನೋಡಿ ಬೇರೆ ಬೇರೆ ಮಾಡಿ, ಕಟ್ಟು ಕಟ್ಟಿ ಬಕೆಟ್ಟಿನ ನೀರಿಗೆ ಇಳಿಸಿ ತಣ್ಣನೆ ಕೋಣೆಗೆ ತಳ್ಳಬೇಕು. ಸುತ್ತಮುತ್ತಲ ಊರಿನ ಹೆಂಗಸರೇ ಎಲ್ಲ. ನಮ್ಮ ಶೆಡ್ಡಿನಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಜಗಳ ಆಡುತ್ತಿದ್ದೆವು.

ಗಿಡಕ್ಕೆ ನೀರು ಬಿಡುವುದಕ್ಕೆ ಮಾತ್ರ ಮನುಷ್ಯರು ಇರಲಿಲ್ಲ. ಆಫೀಸಿನಲ್ಲಿದ್ದ ಕಂಪ್ಯೂಟರೇ ನೀರು ಬಿಡುತ್ತಿತ್ತು, ನೀರಿಗೆ ಗೊಬ್ಬರ ಬೆರೆಸುತ್ತಿತ್ತು, ಬೋರ್ ನೀರಿನ ಗಡಸು ಮುರಿಯಲಿ ಅಂತ ಚೂರು ಆಸಿಡ್ ಹನಿಸುತ್ತಿತ್ತು. ಆ ಹನಿ ಹದದಲ್ಲಿದ್ದರೆ ಗಿಡ ಉಂಡು ಬೆಳೆಯುತ್ತದೆ. ಹದ ತಪ್ಪಿದರೆ ಬೇರು ಸುಡುತ್ತದೆ. ಇದಿಷ್ಟು ತಿಳಿದರೆ ಸಾಕು, ಮುಂದಿನದು ಅರ್ಥವಾಗುತ್ತದೆ.

ಮುನಿರಾಜು ಅದೇ ತೋಟದ ಎಲೆಕ್ಟ್ರಿಷಿಯನ್. ಮೋಟಾರು, ಪಂಪು, ತಂತಿ ಎಲ್ಲ ಅವನ ಕೈಯಲ್ಲಿ. ಒಳ್ಳೆ ಕೆಲಸಗಾರ, ಅದಕ್ಕಿಂತ ಹೆಚ್ಚಿಗೆ ದೇವರ ಭಕ್ತ. ಸ್ವಿಚ್ ಬೋರ್ಡಿಗೂ ವಿಭೂತಿ ಇಡುತ್ತಿದ್ದ.

ನನ್ನ ಮಗನ ಮಗಳು ನಾಗವೇಣಿ ಆಗ ಕಂಪ್ಯೂಟರ್ ಓದುತ್ತಿದ್ದಳು, ಕೊನೆ ವರ್ಷ. ಕಾಲೇಜು ಕೃಷ್ಣಗಿರಿ ಕಡೆ. ಬೆಳಿಗ್ಗೆ ಮುನಿರಾಜು ಅವಳನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಬಸ್ಸಿಗೆ ಬಿಟ್ಟು ಆಮೇಲೆ ಕೆಲಸಕ್ಕೆ ಬರುತ್ತಿದ್ದ. ಅವನಿಗೆ ಗಂಡು ಮಕ್ಕಳಿಬ್ಬರು, ಇಬ್ಬರೂ ಓದಲಿಲ್ಲ. ಇವಳ ಮೇಲೆ ಪ್ರಾಣ. ಚಿಕ್ಕವಳಿದ್ದಾಗ ಬಲ್ಬಿಗೆ ತಂತಿ ಸುತ್ತುವುದನ್ನು ಕಲಿಸಿದವನು ಅವನೇ.

ಕೊನೆ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಂತೆ. ಅವಳ ಮೇಡಂ ಹೇಳಿಕೊಟ್ಟ ವಿಷಯ ಹೀಗೆ: ಒಂದು ಕಡೆ ಕಂಪ್ಯೂಟರು ಕೆಲಸ ಮಾಡುತ್ತಿರುತ್ತದೆ, ಹೊರಗಿನಿಂದ ಯಾರೋ ಅದರ ಮೇಲೆ ಬೀಳುತ್ತಾರೆ, ಬಿದ್ದರೆ ಆ ಕೆಲಸ ಎಷ್ಟು ಹೊತ್ತು ನಿಲ್ಲದೆ ನಡೆಯುತ್ತದೆ, ಯಾವಾಗ ಕುಸಿಯುತ್ತದೆ, ಕುಸಿಯದ ಹಾಗೆ ಏನು ಮಾಡಬಹುದು, ಇದನ್ನು ಲೆಕ್ಕ ಹಾಕಿ ತೋರಿಸಬೇಕು. ಅವಳು ನಮ್ಮ ತೋಟವನ್ನೇ ಹಿಡಿದಳು. ಮ್ಯಾನೇಜರ್ ಸೆಲ್ವರಾಜ್ ಒಪ್ಪಿದರು. ಧರ್ಮಪುರಿ ಕಡೆಯವರು, ಕೆಟ್ಟವರಲ್ಲ, ಆದರೆ ತಪ್ಪು ನಡೆದರೆ ಮೊದಲು ತಮ್ಮ ಕುರ್ಚಿ ನೋಡಿಕೊಳ್ಳುವ ಜಾತಿ.

ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ನಾವು ಮುದ್ದೆ ಬಿಚ್ಚಿ ಕೂತಿದ್ದಾಗ ಹುಡುಗಿ ವಿಂಗಡಿಸುವ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಸೊನ್ನೆಗಳನ್ನು ಬರೆಯುತ್ತಿದ್ದಳು. ಒಂದರಿಂದ ಇನ್ನೊಂದಕ್ಕೆ ಬಾಣ.

"ಏನೇ ಇದು, ರಂಗೋಲಿನಾ?" ಅಂದೆ.

"ಅಲ್ಲಜ್ಜಿ. ಇದು ನಮ್ಮ ಕಂಪ್ಯೂಟ್ರು ಇರಬಹುದಾದ ಸ್ಥಿತಿಗಳು. ಈ ಸೊನ್ನೇಲಿದ್ರೆ ಚೆನ್ನಾಗೈತೆ ಅಂತ. ಇದ್ರಲ್ಲಿದ್ರೆ ಕೆಲಸ ನಿಂತೋಗೈತೆ. ಇದ್ರಲ್ಲಿದ್ರೆ ರಿಪೇರಿ ನಡೀತೈತೆ."

"ಮಧ್ಯದಲ್ಲಿರೋದು?"

"ಅದೇ ಭಯದ್ದು. ವೈರಸ್ ಒಳಕ್ಕೆ ಬಂದೈತೆ, ಆದ್ರೆ ಕೆಲಸ ನಡೀತಾನೇ ಐತೆ. ಯಾರಿಗೂ ಗೊತ್ತಾಗಿಲ್ಲ."

"ಜ್ವರ ಬಂದೋನು ಹೇಳ್ದೆ ಕೆಲ್ಸಕ್ಕೆ ಬಂದಂಗೆ."

"ಹೂಂ, ಹಂಗೇ. ಅವನು ಬಿದ್ಮೇಲೆ ಯಾರು ನೋಡ್ತಾರೆ, ಎಷ್ಟೊತ್ತಿಗೆ ನೋಡ್ತಾರೆ, ಅದನ್ನೆಲ್ಲ ಈ ಬಾಣದ ಮೇಲೆ ಬರೀಬೇಕು."

ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಮುನಿರಾಜು, "ಅಲ್ಲ ಕಣಮ್ಮಿ, ವೈರಸ್ ಬರ್ದಂಗೆ ಬಾಗ್ಲು ಹಾಕ್ಬುಡು. ಈ ಸೊನ್ನೆ ಎಲ್ಲ ಯಾಕೆ?" ಅಂದ.

"ಹಾಕ್ತಾರೆ ತಾತ. ಆದ್ರೆ ಬಾಗ್ಲು ಹಾಕಿದ ಮನೆಗೂ ಕಳ್ಳ ನುಗ್ತಾನಲ್ಲ. ನನ್ನ ಲೆಕ್ಕ ಶುರುವಾಗೋದೇ ಬಂದ್ಬುಟ್ಟ ಅನ್ನೋದ್ರಿಂದ. ಬಂದ್ಮೇಲೂ ತೋಟ ಬದುಕ್ಬೇಕು, ಅಷ್ಟೇ."

ಆ ಮಾತು ನನಗೆ ಹಿಡಿಸಿತು. ಗಂಡ ಸತ್ತ ಮನೆ ನಡೆಸಿದವಳು ನಾನು. ಸಾವು ಬರಬಾರದು ಅಂತ ಕೂತವಳಲ್ಲ, ಬಂದ ಮೇಲೆ ಒಲೆ ಯಾರು ಹಚ್ಚುತ್ತಾರೆ ಅಂತ ನೋಡಿದವಳು.

ಲೆಕ್ಕ ಮುಗಿದಾಗ ಅವಳು ಹೇಳಿದ್ದು ಇಷ್ಟು. ಆಫೀಸಿನ ಕಂಪ್ಯೂಟರಿಗೆ ಫೋನಿನ ತಂತಿ ಇದೆ, ಒಂದಲ್ಲ ಒಂದು ದಿನ ಅದು ಬೀಳುತ್ತದೆ. ಬಿದ್ದಾಗ ಆಸಿಡ್ ಬಿಡುವ ನಲ್ಲಿ ತೆರೆದೇ ಇದ್ದರೆ ಯಾರಾದರೂ ನೋಡುವ ಹೊತ್ತಿಗೆ ಗಿಡ ಸತ್ತಿರುತ್ತದೆ. ಅದಕ್ಕೆ ಇನ್ನೊಂದು ಸಣ್ಣ ಕಂಪ್ಯೂಟರನ್ನು ಪಂಪ್ ಶೆಡ್ಡಿನಲ್ಲಿ ಇಡಬೇಕು. ಅದಕ್ಕೆ ಒಂದೇ ಕೆಲಸ: ಪೈಪಿನಲ್ಲಿ ಹೋಗುವ ಆಸಿಡ್ ಹೆಚ್ಚಾದರೆ ಪಂಪನ್ನು ನಿಲ್ಲಿಸುವುದು. ಫೋನ್ ಇಲ್ಲ, ಆಫೀಸಿನ ಕಂಪ್ಯೂಟರಿಗೆ ಸೇರುವ ತಂತಿ ಇಲ್ಲ.

"ಒಂದು ಬೀಳಬಹುದು, ಇನ್ನೊಂದೂ ಬೀಳಬಹುದು. ಎರಡೂ ಒಟ್ಟಿಗೆ ಬೀಳೋದು ಮಾತ್ರ ಬಲೇ ಅಪರೂಪ," ಅಂದಳು. "ಆದ್ರೆ ಒಂದು ಬಿದ್ದಿದ್ದು ಇನ್ನೊಂದಕ್ಕೆ ಗೊತ್ತಾಗಬಾರ್ದು ಅಜ್ಜಿ. ಗೊತ್ತಾದ್ರೆ ನನ್ನ ಲೆಕ್ಕ ಸುಳ್ಳು."

ತೋಟದ ಯಜಮಾನರು ಬೆಂಗಳೂರಿನಿಂದ ಬಂದು ಕೇಳಿ, ಸರಿ ಅಂದರು. ಎರಡನೆಯ ಕಂಪ್ಯೂಟರು ಬಂತು. ಆಸಿಡ್ ಪೈಪಿನಿಂದ ಅದಕ್ಕೆ ತಂತಿ ಎಳೆದವನು ಮುನಿರಾಜುವೇ. ಹುಡುಗಿ ಅವನ ಪಕ್ಕದಲ್ಲೇ ನಿಂತಿದ್ದಳು.

"ತಾತ, ಇದು ಕಿವುಡನಂಗೆ ಇರ್ಬೇಕು. ಆಫೀಸಿಂದು ಏನು ಕೂಗಿದ್ರೂ ಇದಕ್ಕೆ ಕೇಳಿಸ್ಬಾರ್ದು."

"ನಿಮ್ಮಜ್ಜಿ ಕೂಗಿದ್ರೆ ನಾನಿರ್ತೀನಲ್ಲ, ಹಂಗೆ ಅನ್ನು," ಅಂದ ಮುನಿರಾಜು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನಾಗವೇಣಿಗೆ ಪರೀಕ್ಷೆ ಬಂತು, ಪ್ರಾಜೆಕ್ಟನ್ನು ಬರೆದು ಮುಗಿಸುವುದಿತ್ತು. ಕಾಲೇಜಿನ ಹತ್ತಿರ ಗೆಳತಿಯ ಮನೆಯಲ್ಲಿ ಉಳಿದಳು. ಸಂಕ್ರಾಂತಿವರೆಗೆ ತೋಟದ ಕಡೆ ಬರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಅಂದರೆ ಕೆಲಸದ ಸಾಮಾನನ್ನೆಲ್ಲ ತೊಳೆದು ತಂದು ಒಂದು ಕಡೆ ಕೂರಿಸಬೇಕು. ಹೂವು ಕತ್ತರಿಸುವ ಕತ್ತರಿ, ಕುಡುಗೋಲು, ಔಷಧಿ ಹೊಡೆಯುವ ಪಂಪು, ಸ್ಪ್ಯಾನರು, ತಕ್ಕಡಿ, ಮುನಿರಾಜುವಿನ ಟೆಸ್ಟರು ಕೂಡ. ಆಫೀಸಿನ ಹಜಾರ ತೊಳೆದು ಬಾಳೆಕಂದು ಕಟ್ಟಿದೆವು. ಗುಲಾಬಿ ತೋಟದಲ್ಲಿ ಹೂವಿಗೇನು ಬರ. ಕಡ್ಡಿ ಗಿಡ್ಡವಾಗಿ ಮಾರಾಟಕ್ಕೆ ಹೋಗದವನ್ನೆಲ್ಲ ತಂದು ಸುರಿದೆವು.

ಪಂಪ್ ಶೆಡ್ಡಿನ ಕಂಪ್ಯೂಟರಿಗೆ ಪೂಜೆ ಮಾಡಬೇಕು ಅಂದಾಗ ಮುನಿರಾಜು ಶೆಡ್ಡಿನ ಬಾಗಿಲಲ್ಲಿ ನಿಂತು ಮುಖ ಗಂಟಿಕ್ಕಿದ. ಆ ಶೆಡ್ಡಿನಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಿದ್ದೆವು, ಪ್ಲಾಸ್ಟಿಕ್ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಮೂಲೆಯಲ್ಲಿ ಹುಳದ ಔಷಧಿಯ ಡಬ್ಬಗಳು.

"ಚಪ್ಲಿ ಮಧ್ಯ, ವಿಷದ ಡಬ್ಬದ ಪಕ್ಕ ಸರಸ್ವತಿನ ಕೂರಿಸಿ ಪೂಜೆ ಮಾಡ್ಲಾ ಅಕ್ಕ? ನನ್ ಕೈಲಾಗಲ್ಲ," ಅಂದ. ತಂತಿ ಬಿಚ್ಚಿ, ಕಂಪ್ಯೂಟರನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಆಫೀಸಿನದರ ಪಕ್ಕ ಇಟ್ಟ. ಎರಡಕ್ಕೂ ಗಂಧ, ಕುಂಕುಮ, ಒಂದೇ ಹಾರ. ಎರಡು ದೀಪ ಹಚ್ಚಿದ. "ಯಾವ್ದನ್ನೂ ಒಂಟಿ ಮಡಗ್ಬಾರ್ದು. ಈಗ ನೋಡು, ಲಕ್ಷಣ," ಅಂದ.

ಯಜಮಾನರು ಅವತ್ತು ಬಂದಿದ್ದರು. ಬೂದುಗುಂಬಳ ಒಡೆದವರು ಅವರೇ. ಒಳಗೆ ಬಂದು ನೋಡಿ, "ಜೋಡಿ ಚೆನ್ನಾಗಿ ಕಾಣ್ತಿದೆ," ಅಂದು ಪುರಿ ಕಡಲೆ ಬಾಯಿಗೆ ಹಾಕಿಕೊಂಡರು.

ಪೂಜೆಗೆ ಕೂರಿಸಿದ್ದನ್ನು ವಿಜಯದಶಮಿ ಕಳೆಯುವವರೆಗೆ ಅಲ್ಲಾಡಿಸುವುದಿಲ್ಲ. ಅದು ಕಳೆದ ಮೇಲಾದರೂ ತಿರುಗಿ ಶೆಡ್ಡಿಗೆ ಒಯ್ಯಬೇಕಿತ್ತು. ಅವನಿಗೆ ಮನಸ್ಸು ಬರಲಿಲ್ಲ. ಸೆಲ್ವರಾಜ್, "ಇಲ್ಲೇ ಇರ್ಲಿ ಮುನಿರಾಜ್. ಅಲ್ಲಿ ಧೂಳು, ತೇವ. ಇಲ್ಲಿ ಏಸಿ ಇದೆ," ಅಂದರು. ಆಸಿಡ್ ಪೈಪಿನ ತಂತಿ ಆಫೀಸಿನವರೆಗೆ ಬರುತ್ತಿರಲಿಲ್ಲ. ಮುನಿರಾಜು ಒಂದು ತಂತಿ ಹುಡುಕಿ ಎರಡು ಕಂಪ್ಯೂಟರನ್ನೂ ಸೇರಿಸಿದ. ಇನ್ನು ಮೇಲೆ ಎರಡನೆಯದು ಪೈಪನ್ನು ತಾನೇ ನೋಡುವುದಿಲ್ಲ, ಮೊದಲನೆಯದು ಹೇಳಿದ್ದನ್ನು ಕೇಳುತ್ತದೆ.

"ಅದು ಅಲ್ಲೇ ಇರ್ಬೇಕು ಅಂದಿದ್ಲಲ್ಲೋ," ಅಂದೆ.

"ಕೆಲ್ಸ ಮಾಡ್ತೈತಲ್ಲಕ್ಕ. ನೋಡು, ಲೈಟ್ ಉರೀತೈತೆ. ಕೂರಿಸಿದ್ದನ್ನ ಎಬ್ಬಿಸ್ಬಾರ್ದು."

ಲೈಟು ಉರಿಯುತ್ತಿತ್ತು. ನಾನು ಎಲೆ ಸವರಲು ಹೋದೆ.

ಆ ವರ್ಷ ಚಳಿ ಚೆನ್ನಾಗಿ ಬಿತ್ತು. ಬೆಳಿಗ್ಗೆ ಇಬ್ಬನಿಗೆ ಪ್ಲಾಸ್ಟಿಕ್ ಮನೆಗಳು ಒಂದಕ್ಕೊಂದು ಕಾಣುತ್ತಿರಲಿಲ್ಲ. ಕಾರ್ತಿಕ ಕಳೆದು ಗಿಡ ಸವರಿದರು. ಸವರಿದ ಗಿಡ ಚಿಗುರಿ ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಸರಿಯಾಗಿ ಹೂವು ಕೊಡಬೇಕು, ಆ ತಿಂಗಳ ಹೂವಿನ ಮೇಲೆ ವರ್ಷದ ಕೆಲಸ ನಿಂತಿರುತ್ತದೆ. ಸಂಕ್ರಾಂತಿ ಹೊತ್ತಿಗೆ ಕೆಂಪು ಚಿಗುರು ಮೊಣಕೈ ಉದ್ದ ಎದ್ದಿತ್ತು. ಅಂಥ ಚಿಗುರನ್ನು ನಾನು ಅಲ್ಲಿ ಹಿಂದೆ ನೋಡಿರಲಿಲ್ಲ.

ಹಬ್ಬಕ್ಕೆ ಎಲ್ಲರೂ ಊರಿಗೆ ಹೋದರು. ಹೋಗುವುದಕ್ಕೇ ತಾನೆ ಕಂಪ್ಯೂಟರು ಇರುವುದು. ನಾವು ದನ ತೊಳೆದೆವು, ಕೊಂಬಿಗೆ ಬಣ್ಣ ಬಳಿದೆವು, ಕಿಚ್ಚು ಹಾಯಿಸಿದೆವು. ಹಬ್ಬ ಕಳೆದು ಮೊದಲು ತೋಟಕ್ಕೆ ಹೋದವಳು ನಾನು. ಒಂದನೇ ಮನೆಯ ಪರದೆ ಸರಿಸಿದೆ. ಹುಳಿ ವಾಸನೆ ಬಂತು. ಚಿಗುರೆಲ್ಲ ಕತ್ತು ಬಗ್ಗಿಸಿ ನಿಂತಿತ್ತು. ಎಲೆಯ ಅಂಚು ಕೆಂಡಕ್ಕೆ ಹಿಡಿದ ಹಾಗೆ ಕಂದಿತ್ತು. ಒಂದು ಗಿಡದ ಬುಡ ಕೆದಕಿದೆ. ಬೇರಿನ ಸಿಪ್ಪೆ ಕೈಗೆ ಬಂತು. ಎರಡನೇ ಮನೆಯೂ ಹಾಗೆ, ಮೂರನೆಯದೂ ಹಾಗೆ. ಆಚೆ ಸಾಲಿನ ಮನೆಗಳಿಗೆ ಇನ್ನೂ ನೀರಿನ ಸರದಿ ಬಂದಿರಲಿಲ್ಲ, ಅವು ಉಳಿದಿದ್ದವು. ಪಂಪು ಇನ್ನೂ ಓಡುತ್ತಿತ್ತು. ನಾನೇ ಹೋಗಿ ಸ್ವಿಚ್ ಕೆಳಕ್ಕೆ ಎಳೆದೆ.

ಆಫೀಸಿನಲ್ಲಿ ಎರಡು ಕಂಪ್ಯೂಟರಿನ ಮುಖವೂ ಒಂದೇ ಥರ ನೀಲಿ ತಿರುಗಿತ್ತು. ಒಂದೇ ಎಲೆಯಲ್ಲಿ ಉಂಡವರಿಬ್ಬರಿಗೂ ಒಂದೇ ಭೇದಿ.

ಎರಡು ದಿನ ಕಳೆದು ಯಜಮಾನರು ಬಂದರು. ಬೆಂಗಳೂರಿನಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆತಂದಿದ್ದರು. ನಾಗವೇಣಿಯನ್ನೂ ಕಾಲೇಜಿನಿಂದ ಕರೆಸಿದರು. ಗಿಡ ಮೊದಲು ನೋಡಿದವಳು ಅಂತ ನನ್ನನ್ನೂ ಒಳಗೆ ಕರೆದರು. ಮುನಿರಾಜು ಬಾಗಿಲಲ್ಲಿ ನಿಂತಿದ್ದ. ಮೇಜಿನ ಮೇಲೆ ಎರಡು ಕಂಪ್ಯೂಟರು, ಪೂಜೆಯ ಕುಂಕುಮ ಒಣಗಿ ಅಂಟಿಕೊಂಡೇ ಇತ್ತು.

ಹುಡುಗಿ ಒಳಗೆ ಬಂದವಳು ಆ ಜೋಡಿಯನ್ನು ನೋಡಿದಳು. ಮಧ್ಯದ ತಂತಿಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿದ್ದ ತಾತನ ಕಡೆ ನೋಡಿದಳು. ಅವಳಿಗೆ ಅಲ್ಲೇ ಗೊತ್ತಾಗಿಹೋಯಿತು.

ಸೆಲ್ವರಾಜ್ ಹುಡುಗಿಯ ಕಡೆ ಕೈ ತೋರಿಸಿ ಮೊದಲು ಶುರು ಮಾಡಿದರು. "ಈ ಪೊಣ್ಣು ಸಿಡಿ ತಂದು ತಂದು ಹಾಕ್ತಿತ್ತು ಸರ್. ಅದರಲ್ಲೇ ಬಂದಿದೆ. ಹೊರಗಿನವರನ್ನ ಬಿಡಬಾರದಿತ್ತು, ನನ್ನ ತಪ್ಪು."

ರಿಪೇರಿಯವನು ತಲೆ ಎತ್ತದೆ, "ಸಿಡಿಯಿಂದ ಅಲ್ಲ ಸರ್. ಹಬ್ಬದ ಹಿಂದಿನ ದಿನ ಫೋನ್ ಲೈನಲ್ಲಿ ಬಂದಿದೆ. ಪೊಂಗಲ್ ಶುಭಾಶಯ ಅಂತ ಒಂದು ಚಿತ್ರ, ಯಾರೋ ತೆಗೆದು ನೋಡಿದ್ದಾರೆ," ಅಂದ. ಆ ಕುರ್ಚಿಯಲ್ಲಿ ಕೂತು ಚಿತ್ರ ನೋಡುವವರು ತೋಟದಲ್ಲಿ ಒಬ್ಬರೇ. ಸೆಲ್ವರಾಜ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

"ಯಾರು ಕಳಿಸಿದ್ದು?" ಯಜಮಾನರು ಕೇಳಿದರು.

"ಹೇಳೋಕಾಗಲ್ಲ ಸರ್. ಯಾವ ದೇಶದವನೋ. ನಿಮಗೇ ಅಂತ ಕಳಿಸಿದ್ದಲ್ಲ, ಊರಿಗೆಲ್ಲ ಕಳಿಸಿರ್ತಾನೆ."

ಈ ಮಾತು ನನಗೆ ಇವತ್ತಿಗೂ ಅರಗಿಲ್ಲ. ಹಗೆ ಇದ್ದವನು ಮಾಡಿದ್ದರೆ ಬೈಯಬಹುದಿತ್ತು. ನಮ್ಮ ತೋಟ ಇದೆ ಅಂತಲೇ ಗೊತ್ತಿಲ್ಲದವನು ನಮ್ಮ ಬೇರು ಸುಟ್ಟ.

ಯಜಮಾನರು ಹುಡುಗಿಯ ಕಡೆ ತಿರುಗಿದರು. ಗದರುವ ಮನುಷ್ಯರಲ್ಲ, ಮೆಲ್ಲಗೆ ಕೇಳಿದರು. "ವೈರಸ್ ಬಂತು, ಬರಲಿ. ಬಂದರೂ ತೋಟ ನಿಲ್ಲುತ್ತೆ ಅಂತ ತಾನೆ ನೀನು ಹೇಳಿದ್ದು? ಎರಡೂ ಒಟ್ಟಿಗೆ ಬೀಳೋದು ಅಪರೂಪ ಅಂದಿದ್ದೆ. ಬಂದ ಮೊದಲನೇ ಸಲಕ್ಕೇ ಎರಡೂ ಬಿದ್ದಿವೆ. ನಿನ್ನ ಲೆಕ್ಕ ನಂಬಿ ನಾನು ಕೂತಿದ್ದೆ. ಇದನ್ನ ನಿನ್ನ ಕಾಲೇಜಿಗೆ ಬರೆದು ತಿಳಿಸಬೇಕಾಗುತ್ತೆ ನಾನು. ಲೆಕ್ಕ ಸುಳ್ಳು ಅಂತ."

ಆ ಪತ್ರ ಹೋದರೆ ಪ್ರಾಜೆಕ್ಟ್ ಹೋಯಿತು, ವರ್ಷ ಹೋಯಿತು. ಅವಳ ಅಪ್ಪ ಹೊಸೂರಿನ ಫ್ಯಾಕ್ಟರಿಯಲ್ಲಿ ಎರಡು ಶಿಫ್ಟ್ ಮಾಡಿ ಓದಿಸುತ್ತಿದ್ದ. ಒಂದು ವರ್ಷ ಹೋಯಿತು ಅಂದರೆ ಮದುವೆ ಮಾಡಿಬಿಡಿ ಅನ್ನಲು ನೆಂಟರು ಬಾಗಿಲಲ್ಲೇ ಕಾಯುತ್ತಿದ್ದರು. ಇದೆಲ್ಲ ಅವಳಿಗೂ ಗೊತ್ತು. ನೆಲ ನೋಡಿಕೊಂಡು, "ಹೌದು ಸರ್, ಲೆಕ್ಕ ತಪ್ಪಾಗೈತೆ. ನಂದೇ ತಪ್ಪು," ಅಂದಳು.

ಮುನಿರಾಜುವನ್ನು ನೋಡಿದೆ. ಅವನು ಹೇಳಲಿ ಅಂತ ಕಾದೆ. ಮಾತು ಹೊರಡಲಿಲ್ಲ. ಇನ್ನೊಂದು ಗಳಿಗೆ ಕಾದೆ. ಆಗಲೂ ಹೊರಡಲಿಲ್ಲ.

"ಲೆಕ್ಕ ಸರಿಯಾಗೇ ಐತೆ ಸಾಮಿ," ಅಂದೆ. "ಇವ್ಳು ಹೇಳಿದ್ದು ಒಂದು ಇಲ್ಲಿ, ಒಂದು ಪಂಪ್ ಶೆಡ್ಡಲ್ಲಿ ಇರ್ಬೇಕು, ಮಧ್ಯ ತಂತಿ ಇರ್ಬಾರ್ದು ಅಂತ. ಆಯುಧಪೂಜೆ ದಿನ ನನ್ನ ತಮ್ಮ ಅದನ್ನ ತಂದು ಇಲ್ಲಿ ಕೂರಿಸ್ದ. ಮ್ಯಾನೇಜ್ರು ಇಲ್ಲೇ ಇರ್ಲಿ ಅಂದ್ರು. ತಂತಿನೂ ಆಮೇಲೇ ಸೇರಿಸಿದ್ದು."

ರಿಪೇರಿಯವನು ತಂತಿಯನ್ನು ಬೆರಳಲ್ಲಿ ಎತ್ತಿ ನೋಡಿ ತಲೆ ಆಡಿಸಿದ.

"ಮುನಿರಾಜು, ಹೌದೇನಪ್ಪ?" ಅಂದರು ಯಜಮಾನರು.

"ಹೌದು ಸಾಮಿ. ಅಲ್ಲಿ ಚಪ್ಲಿ ಬಿಡ್ತಾರೆ, ವಿಷ ಮಡಗ್ತಾರೆ. ಅಂಥ ಕಡೆ ವಿದ್ಯೆ ಕೊಡೋ ದೇವ್ರನ್ನ..." ಅಂದು ನಿಲ್ಲಿಸಿದ.

"ಒಂದು ಮಾತು ಕೇಳಬಾರದಿತ್ತಾ?"

"ನಿಮ್ಮನ್ನೂ ಕೇಳ್ದಂಗೇ ಆಗೈತೆ ಸಾಮಿ," ಅಂದೆ ನಾನು. "ಅವತ್ತು ನೀವೂ ಇಲ್ಲೇ ನಿಂತಿದ್ರಿ. ಜೋಡಿ ಚೆನ್ನಾಗಿ ಕಾಣ್ತಿದೆ ಅಂದ್ರಿ, ಪುರಿ ತಿಂದ್ರಿ."

ಯಜಮಾನರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಪತ್ರ ಬರೆಯುವುದಿಲ್ಲ ಅಂದರು. ಎರಡನೆಯದನ್ನು ಸರಿ ಮಾಡಿ ಇದ್ದ ಕಡೆಗೇ ಒಯ್ಯಬೇಕು, ಉಳಿದ ಮನೆಗಳಿಗಾದರೂ ಕಾವಲಿರಲಿ ಅಂದರು. ಮುನಿರಾಜು ಈ ತಿಂಗಳು ಮುಗಿಸಿ ಬೇರೆ ಕಡೆ ನೋಡಿಕೊಳ್ಳಲಿ ಅಂತಲೂ ಅಂದರು. ಸೆಲ್ವರಾಜ್‌ಗೆ ಏನೂ ಆಗಲಿಲ್ಲ. ಅದು ಹಾಗೇ ಆಗುವುದು.

ಗೇಟಿನ ಹತ್ತಿರ ಮುನಿರಾಜು ಮೊಪೆಡ್ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಬಂದ. "ಒಡಹುಟ್ಟಿದೋಳು ನೀನು," ಅಂದ.

"ಅದಕ್ಕೇ ನಾನು ಹೇಳ್ದೆ. ನೀನು ಹೇಳ್ತೀಯಾ ಅಂತ ಕಾದೆ. ಮಗಾ ತಲೆ ಕೊಟ್ಕಂಡು ನಿಂತಿತ್ತು, ನೀನು ನೋಡ್ಕಂಡು ನಿಂತಿದ್ದೆ."

"ಇನ್ನೊಂದು ಗಳಿಗೆ ಬಿಟ್ಟಿದ್ರೆ ಹೇಳ್ತಿದ್ದೆ."

ಇರಬಹುದು. ಅವನು ಸುಳ್ಳು ಹೇಳುವವನಲ್ಲ. ಆದರೆ ಇನ್ನೊಂದು ಗಳಿಗೆ ಬಿಡಲು ನಾನು ತಯಾರಿರಲಿಲ್ಲ, ಇವತ್ತಾದರೂ ಬಿಡುವುದಿಲ್ಲ.

ಆಮೇಲೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮೂರು ಮನೆಯ ಗಿಡ ಕಿತ್ತು ಸುಟ್ಟರು. ಶೆಡ್ಡಿನ ಅರ್ಧ ಹೆಂಗಸರಿಗೆ ಮಳೆಗಾಲದವರೆಗೆ ಕೆಲಸವಿರಲಿಲ್ಲ. ಕೆಲವರು ಕೆಲಮಂಗಲದ ಕಡೆ ಟೊಮೇಟೊ ಬಿಡಿಸಲು ಹೋದರು, ಕೆಲವರು ತಿರುಗಿ ಬರಲೇ ಇಲ್ಲ. ಮುನಿರಾಜು ಒಂದು ಮೋಟಾರ್ ಅಂಗಡಿ ಸೇರಿದ. ನಮ್ಮ ಮನೆಯ ಕಾರ್ಯಕ್ಕೆಲ್ಲ ಬಂದ, ಉಂಡ, ನಾಗವೇಣಿಯನ್ನು ಬಸ್ಸಿಗೆ ಬಿಡುವುದನ್ನೂ ನಿಲ್ಲಿಸಲಿಲ್ಲ. ನನ್ನ ಹತ್ತಿರ ಮಾತ್ರ ಕಿವುಡ.

ಹುಡುಗಿ ಮೇಡಂಗೆ ನಡೆದದ್ದನ್ನೆಲ್ಲ ತಾನೇ ಹೇಳಿದಳು. ಅವರು ಬೈಯಲಿಲ್ಲ, ಇದನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಬಾ ಅಂತ ದಿನ ಕೊಟ್ಟರು. ಮತ್ತೆ ಹಾಳೆ ಹರಡಿದಳು. ಹಳೆಯ ಸೊನ್ನೆಗಳ ಪಕ್ಕ ಒಂದು ಹೊಸ ಸೊನ್ನೆ: ಎರಡೂ ಒಂದೇ ಕಡೆ ಸೇರಿರುವುದು. ಅದಕ್ಕೆ ಒಂದು ಬಾಣ.

"ಇದು ವೈರಸ್ ಬಂದಾಗಿನ ಬಾಣ ಅಲ್ಲಜ್ಜಿ. ಜನವೇ ತಂದು ಸೇರಿಸೋದು. ನನ್ನ ಲೆಕ್ಕದಲ್ಲಿ ಜನ ಇರ್ಲಿಲ್ಲ. ಇದು ಎಷ್ಟು ಸಲ ಆಗ್ತದೆ ಅಂತ ಬರೀಲಿ?"

"ವರ್ಷಕ್ಕೊಂದ್ಸಲ ಕಣಮ್ಮಿ. ಆಯುಧಪೂಜೆ ವರ್ಷಕ್ಕೊಂದ್ಸಲ ತಪ್ದೆ ಬತ್ತದೆ."

ಅವಳು ನಗಲಿಲ್ಲ, ಬರೆದುಕೊಂಡಳು. ಪಾಸಾದಳು. ಈಗ ಕೃಷ್ಣಗಿರಿ ಕಡೆ ಒಂದು ಕಾಲೇಜಿನಲ್ಲಿ ಇದನ್ನೇ ಪಾಠ ಹೇಳುತ್ತಾಳೆ.

ಆದರೆ ಇದೆಲ್ಲ ಆಮೇಲಿನ ಮಾತು. ಆಫೀಸಿನಲ್ಲಿ ಆ ಮಾತು ನಡೆದ ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ತೋಟಕ್ಕೆ ಹೋದೆ. ಪಂಪ್ ಶೆಡ್ಡಿನ ಬಾಗಿಲು ತೆರೆದು ಒಳಗೆ ಬಿದ್ದಿದ್ದ ಹಳೇ ಚಪ್ಪಲಿಗಳನ್ನೆಲ್ಲ ಆಚೆ ಎಸೆದೆ. ಇನ್ನು ಮೇಲೆ ಚಪ್ಪಲಿ ಬೇಲಿ ಹತ್ತಿರ ಬಿಡಿ ಅಂತ ಬಂದವರಿಗೆಲ್ಲ ಹೇಳಿದೆ. ಔಷಧಿ ಹೊಡೆಯುವವರನ್ನು ಕರೆದು ವಿಷದ ಡಬ್ಬಗಳನ್ನು ಗೊಬ್ಬರದ ಕೋಣೆಗೆ ಹೊರಿಸಿದೆ. ನೆಲ ತೊಳೆದು, ಸಗಣಿ ನೀರು ಹಾಕಿ, ಹೊಸ್ತಿಲಿಗೆ ರಂಗೋಲಿ ಎಳೆದೆ. ಹಳೆಯ ಕ್ಯಾಲೆಂಡರಿನ ಸರಸ್ವತಿಯನ್ನು ಮನೆಯಿಂದ ತಂದಿದ್ದೆ, ಗೋಡೆಯ ಮೊಳೆಗೆ ಸಿಕ್ಕಿಸಿದೆ.

ರಿಪೇರಿಯವನು ಸರಿ ಮಾಡಿಟ್ಟಿದ್ದ ಕಂಪ್ಯೂಟರನ್ನು ಮುನಿರಾಜು ಎತ್ತಿಕೊಂಡು ಬಂದ. ನನ್ನ ಮುಖ ನೋಡಲಿಲ್ಲ. ಬಾಗಿಲಲ್ಲಿ ನಿಂತು ನೆಲ ನೋಡಿದ, ಗೋಡೆ ನೋಡಿದ, ಚಪ್ಪಲಿ ಕಳಚಿಟ್ಟು ಒಳಗೆ ಬಂದ. ಮೇಜಿನ ಮೇಲೆ ಇಟ್ಟು ಪೈಪಿನ ತಂತಿಯನ್ನು ತಿರುಗಿ ಅದಕ್ಕೆ ಕೊಟ್ಟ. ಆಫೀಸಿನಲ್ಲಿ ಎರಡನ್ನೂ ಸೇರಿಸಿದ್ದ ತಂತಿಯನ್ನು ಸುತ್ತಿ ಜೇಬಿನಲ್ಲಿ ಇಟ್ಟುಕೊಂಡಿದ್ದ, ಅದರ ತುದಿ ಹೊರಗೆ ಕಾಣುತ್ತಿತ್ತು.

ನಾನು ಸೆರಗಿನಿಂದ ಹಣತೆ ತೆಗೆದು ಎಣ್ಣೆ ಹಾಕಿ, ಬತ್ತಿ ಹೊಸೆದು ಸರಸ್ವತಿಯ ಮುಂದೆ ಇಟ್ಟೆ.

"ಒಂಟಿ ದೀಪ ಹಚ್ಬಾರ್ದಕ್ಕ," ಅಂದ. ಅವನು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು.

ಇನ್ನೊಂದು ಹಣತೆ ನನ್ನ ಸೆರಗಿನಲ್ಲೇ ಇತ್ತು. ತೆಗೆಯಲಿಲ್ಲ. ಒಂದನ್ನೇ ಹಚ್ಚಿದೆ.